‘ರಕ್ತ ತೆಳು ಮಾಡುವ ಮಾತ್ರೆ’ ರಕ್ತವನ್ನು ತೆಳು ಮಾಡುವುದಿಲ್ಲ

ನಾನು ದ್ವಿತೀಯ ಪಿಯುಸಿ ಕಾಮರ್ಸ್ ವಿಭಾಗದಲ್ಲಿ ಓದುತ್ತಿದ್ದೇನೆ. ಇಂಥ ವಿಷಯವನ್ನು ಸೈನ್ಸ್ ವಿಭಾಗದವರು ಬರೆಯಬೇಕಿತ್ತು ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಮಾತ್ರೆಯ ಸ್ಟ್ರಿಪ್ ಮೇಲಿನ ಇಂಗ್ಲಿಷ್ ಓದುವವರು, ಲ್ಯಾಬ್ ರಿಪೋರ್ಟ್ ನೋಡುವವರು, ಡಾಕ್ಟರ್ ಕನ್ನಡದಲ್ಲಿ ಹೇಳಿದ್ದನ್ನು ಹಿರಿಯರಿಗೆ ಉರ್ದುವಿನಲ್ಲಿ ತಿಳಿಸುವವರು ಪಿಯುಸಿ ಓದುವ ಮಕ್ಕಳೇ. ಅಲ್ಲಿ ಸೈನ್ಸ್, ಕಾಮರ್ಸ್, ಆರ್ಟ್ಸ್ ಎಂಬ ಭೇದವಿಲ್ಲ. ನಮ್ಮ ಮನೆಯಲ್ಲಿ ಈ ಕೆಲಸ ನನ್ನದು. ನಮ್ಮ ಬಡೀ ಖಾಲಾ ಅವರಿಗೆ ಹೃದಯದ ಕವಾಟ ಬದಲಾಯಿಸಿದ್ದಾರೆ. ಅವರು ಪ್ರತಿದಿನ ಸಂಜೆ ಒಂದು ಸಣ್ಣ ಮಾತ್ರೆ ತೆಗೆದುಕೊಳ್ಳಬೇಕು, ಜೀವನವಿಡೀ. ಮನೆಯಲ್ಲಿ ಎಲ್ಲರೂ ಅದನ್ನು ‘ಖೂನ್ ಪತ್ಲಾ ಕರ್ನೇ ಕಿ ಗೋಲಿ’ ಎನ್ನುತ್ತಾರೆ. ಮೆಡಿಕಲ್ ಶಾಪಿನವರೂ ‘ರಕ್ತ ತೆಳು ಮಾಡುವ ಮಾತ್ರೆ’ ಎಂದೇ ಕೊಡುತ್ತಾರೆ.

ಈ ಹೆಸರಿನಿಂದಲೇ ಅರ್ಧ ಗೊಂದಲ ಶುರುವಾಗುತ್ತದೆ. ರಕ್ತ ತೆಳುವಾಗುತ್ತದೆ ಎಂದರೆ ಹಾಲಿಗೆ ನೀರು ಬೆರೆಸಿದ ಹಾಗೆ, ಅಶಕ್ತಿ ಬರುತ್ತದೆ, ಮೈಯಲ್ಲಿ ರಕ್ತ ಕಡಿಮೆಯಾಗುತ್ತದೆ ಎಂದು ಹಿರಿಯರು ತಿಳಿಯುತ್ತಾರೆ. ಸ್ವಲ್ಪ ಸುಸ್ತಾದರೆ ‘ಗೋಲಿ ಎರಡು ದಿನ ಬಿಟ್ಟು ನೋಡೋಣ’ ಎನ್ನುತ್ತಾರೆ. ನಿಜ ಏನೆಂದರೆ ಈ ಮಾತ್ರೆ ತೆಗೆದುಕೊಂಡವರ ರಕ್ತ ಎಲ್ಲರ ರಕ್ತದಷ್ಟೇ ಗಟ್ಟಿ ಇರುತ್ತದೆ. ಅದು ಹೆಪ್ಪುಗಟ್ಟಲು ತೆಗೆದುಕೊಳ್ಳುವ ಸಮಯ ಮಾತ್ರ ಹೆಚ್ಚಾಗುತ್ತದೆ. ಇಷ್ಟು ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ರಕ್ತ ಹೆಪ್ಪುಗಟ್ಟುವುದು ಅಲ್ಲಾಹನು ಕೊಟ್ಟ ದೊಡ್ಡ ರಕ್ಷಣೆ. ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಮೊದಲು ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳು ಬಂದು ಗಾಯದ ಬಾಯಿಗೆ ಅಡ್ಡ ನಿಲ್ಲುತ್ತವೆ. ನಂತರ ರಕ್ತದಲ್ಲಿರುವ ಕೆಲವು ಪ್ರೋಟೀನುಗಳು ಒಂದನ್ನೊಂದು ಎಬ್ಬಿಸುತ್ತಾ ಹೋಗುತ್ತವೆ. ಒಂದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು. ಕೊನೆಯಲ್ಲಿ ಫೈಬ್ರಿನ್ ಎಂಬ ದಾರದಂಥ ವಸ್ತು ತಯಾರಾಗಿ ಬಲೆ ನೇಯುತ್ತದೆ. ಆ ಬಲೆಯಲ್ಲಿ ರಕ್ತಕಣಗಳು ಸಿಕ್ಕಿ ಗಾಯ ಮುಚ್ಚುತ್ತದೆ. ಹಾಲು ಮೊಸರಾಗುವುದಕ್ಕೂ ರಕ್ತ ಗಟ್ಟಿಯಾಗುವುದಕ್ಕೂ ಕನ್ನಡದಲ್ಲಿ ‘ಹೆಪ್ಪು’ ಎಂಬ ಒಂದೇ ಪದ ಇರುವುದು ಚೆನ್ನಾಗಿದೆ. ಹಾಲಿನಲ್ಲಿ ನಾವು ಹೆಪ್ಪು ಹಾಕಬೇಕು, ರಕ್ತ ತನ್ನ ಹೆಪ್ಪನ್ನು ತನ್ನಲ್ಲೇ ಇಟ್ಟುಕೊಂಡು ತಿರುಗುತ್ತದೆ.

ತೊಂದರೆ ಬರುವುದು ಗಾಯವೇ ಇಲ್ಲದ ಕಡೆ, ರಕ್ತನಾಳದ ಒಳಗೇ ಹೆಪ್ಪುಗಟ್ಟಿದಾಗ. ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಖೋ 19ನೇ ಶತಮಾನದಲ್ಲೇ ಇದರ ಬಗ್ಗೆ ಅಧ್ಯಯನ ಮಾಡಿದ್ದರು. ಇಂದಿಗೂ ಅವರ ಹೆಸರಿನಲ್ಲಿ ಮೂರು ಕಾರಣಗಳನ್ನು ಹೇಳಿಕೊಡುತ್ತಾರೆ: ರಕ್ತ ನಿಧಾನವಾಗಿ ಹರಿಯುವುದು ಅಥವಾ ನಿಂತುಬಿಡುವುದು, ರಕ್ತನಾಳದ ಒಳಗೋಡೆ ಕೆಡುವುದು, ರಕ್ತಕ್ಕೇ ಹೆಪ್ಪುಗಟ್ಟುವ ಗುಣ ಹೆಚ್ಚಾಗುವುದು. ಸೊಂಟದ ಮೂಳೆ ಮುರಿದು ತಿಂಗಳುಗಟ್ಟಲೆ ಹಾಸಿಗೆಯಲ್ಲಿ ಇರುವ ದಾದಿಯ ಕಾಲಿನಲ್ಲಿ ರಕ್ತ ನಿಧಾನವಾಗಿ ಹರಿಯುತ್ತದೆ. ಅಲ್ಲಿ ಹೆಪ್ಪುಗಟ್ಟಿದರೆ ಒಂದು ಕಾಲು ಊದಿ ನೋಯುತ್ತದೆ. ಆ ಹೆಪ್ಪಿನ ತುಂಡು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಹೃದಯದ ಬಡಿತ ತಾಳ ತಪ್ಪುವ ಕಾಯಿಲೆ ಇದ್ದರೆ ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ಸರಿಯಾಗಿ ಮುಂದೆ ಹೋಗದೆ ಹೆಪ್ಪುಗಟ್ಟುತ್ತದೆ. ಅದು ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ.

ಇನ್ನೊಂದು ಗುಂಪು ಖಾಲಾ ಅವರಂಥವರದು. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಅದಕ್ಕೆ ಸರಿಯಾದ ಔಷಧಿ ಸಿಗದೆ, ಕೆಲವರಿಗೆ ಕೀಲು ನೋವಿನ ಜ್ವರ ಬರುತ್ತದೆ. ಅದು ರುಮ್ಯಾಟಿಕ್ ಜ್ವರ. ಜ್ವರ ಹೋಗುತ್ತದೆ, ಆದರೆ ಹೃದಯದ ಕವಾಟಗಳನ್ನು ಹಾಳು ಮಾಡಿ ಹೋಗಿರುತ್ತದೆ. ಶ್ರೀಮಂತ ದೇಶಗಳಲ್ಲಿ ಈಗ ಇದು ಬಹಳ ಅಪರೂಪ. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಮನೆಗಳಲ್ಲಿ ಇನ್ನೂ ಇದೆ. ಖಾಲಾ ಅವರಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿದ್ದದ್ದು ಮದುವೆಯಾದ ಮೇಲೆ. ಕಾರಣ ಮಾತ್ರ ಹತ್ತು ವರ್ಷದವರಿದ್ದಾಗಿನ ಜ್ವರ ಎಂದು ಡಾಕ್ಟರ್ ಹೇಳಿದರು. ಅವರಿಗೆ ಹಾಕಿರುವುದು ಚಿತ್ರಾ ಕವಾಟ. ಅದನ್ನು ತಯಾರಿಸಿದ್ದು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ, ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಒಂದಾದ ಮೇಲೊಂದು ಮಾದರಿ ವಿಫಲವಾಗಿ, ಕೊನೆಗೆ 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ರೋಗಿಯೊಬ್ಬರಿಗೆ ಅದನ್ನು ಅಳವಡಿಸಿದರು. ಹೊರದೇಶದ ಕವಾಟಗಳ ಬೆಲೆ ಕೊಡಲಾಗದ ಎಷ್ಟೋ ಭಾರತೀಯರ ಎದೆಯೊಳಗೆ ಅದು ಇವತ್ತೂ ತೆರೆದು ಮುಚ್ಚುತ್ತಿದೆ. ಅದರ ತಟ್ಟೆ ಪ್ಲಾಸ್ಟಿಕ್ಕಿನದು, ಹಾಗಾಗಿ ಸದ್ದು ಕಡಿಮೆ.

ಆದರೆ ಲೋಹ ಮತ್ತು ಪ್ಲಾಸ್ಟಿಕ್ ಎಂದರೆ ರಕ್ತಕ್ಕೆ ಹೊರಗಿನವರು. ಹೊರಗಿನವರನ್ನು ಕಂಡರೆ ರಕ್ತ ಹೆಪ್ಪುಗಟ್ಟಲು ನೋಡುತ್ತದೆ. ಹೆಪ್ಪು ಕಟ್ಟಿ ಕವಾಟ ಸಿಕ್ಕಿಹಾಕಿಕೊಂಡರೆ ಬಾಗಿಲು ತುಕ್ಕು ಹಿಡಿದ ಹಾಗೆ, ತೆರೆಯುವುದೂ ಇಲ್ಲ ಮುಚ್ಚುವುದೂ ಇಲ್ಲ. ಅದಕ್ಕೇ ಆಪರೇಷನ್ ಎಷ್ಟೇ ಚೆನ್ನಾಗಿ ಆಗಿದ್ದರೂ ಸಂಜೆಯ ಆ ಮಾತ್ರೆ ಇಲ್ಲದೆ ಅದು ವ್ಯರ್ಥ.

ಈ ಮಾತ್ರೆಯ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. ಇದು ಡಾಕ್ಟರಿಂದ ಶುರುವಾಗಲಿಲ್ಲ, ದನದಿಂದ ಶುರುವಾಯಿತು. 1920ರ ದಶಕದಲ್ಲಿ ಅಮೆರಿಕದ ಉತ್ತರ ಭಾಗ ಮತ್ತು ಕೆನಡಾದಲ್ಲಿ ದನಗಳು ರಕ್ತ ಸುರಿದು ಸಾಯತೊಡಗಿದವು. ಕೊಂಬು ಕತ್ತರಿಸಿದರೆ ಸಾಕು, ರಕ್ತ ನಿಲ್ಲುತ್ತಲೇ ಇರಲಿಲ್ಲ. ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಇದಕ್ಕೆ ಕಾರಣ ಕೆಟ್ಟುಹೋದ ಮೇವು ಎಂದು ಕಂಡುಹಿಡಿದರು. ಸ್ವೀಟ್ ಕ್ಲೋವರ್ ಎಂಬ ಮೇವಿನ ಸೊಪ್ಪು ಒದ್ದೆಯಾಗಿ ಬೂಷ್ಟು ಹಿಡಿದಾಗ ಅದು ವಿಷವಾಗುತ್ತಿತ್ತು. ಕೆಟ್ಟ ಮೇವನ್ನು ಬಿಸಾಡಿ ಎಂದು ಹೇಳುವುದು ಸುಲಭ. ಅವು ಕಷ್ಟದ ವರ್ಷಗಳು, ಬೇರೆ ಮೇವು ಕೊಳ್ಳಲು ರೈತರ ಬಳಿ ಹಣವೇ ಇರಲಿಲ್ಲ.

1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ಎಡ್ ಕಾರ್ಲ್‌ಸನ್ ಎಂಬ ರೈತ ಒಂದು ಸತ್ತ ಕಡಸು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಸುಮಾರು 45 ಕಿಲೋ ಕೆಟ್ಟ ಮೇವು, ಇಷ್ಟನ್ನೂ ಗಾಡಿಯಲ್ಲಿ ಹಾಕಿಕೊಂಡು ಹಿಮದ ಬಿರುಗಾಳಿಯಲ್ಲಿ ಸುಮಾರು 300 ಕಿಲೋಮೀಟರ್ ದೂರದ ಮ್ಯಾಡಿಸನ್ ನಗರಕ್ಕೆ ಹೋದ. ಶನಿವಾರವಾದ್ದರಿಂದ ಸರ್ಕಾರಿ ಪಶುವೈದ್ಯರ ಕಚೇರಿ ಮುಚ್ಚಿತ್ತು. ಅಲ್ಲಿ ಇಲ್ಲಿ ಅಲೆದು ಕೊನೆಗೆ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯದ ಬಾಗಿಲಿಗೆ ಬಂದ. ಅವನಿಗೆ ಬೇಕಿದ್ದದ್ದು ಉಳಿದ ದನಗಳಿಗೆ ಔಷಧಿ. ಅದು ಲಿಂಕ್ ಅವರ ಬಳಿ ಇರಲಿಲ್ಲ. ಆದರೆ ಆ ಕ್ಯಾನಿನ ರಕ್ತ ಅವರನ್ನು ಬಿಡಲಿಲ್ಲ. ಆರು ವರ್ಷ ಕೆಲಸ ಮಾಡಿ 1939ರಲ್ಲಿ ಅವರ ತಂಡ ಮೇವಿನಿಂದ ಆ ವಸ್ತುವನ್ನು ಬೇರ್ಪಡಿಸಿತು. ಅದರ ಹೆಸರು ಡೈಕುಮರಾಲ್. ಕ್ಲೋವರ್ ಸೊಪ್ಪಿನ ಸುವಾಸನೆಗೆ ಕಾರಣವಾದ ಕುಮರಿನ್ ಎಂಬ ವಸ್ತುವನ್ನು ಬೂಷ್ಟು ಈ ರೀತಿ ಬದಲಾಯಿಸುತ್ತಿತ್ತು.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಲಿಂಕ್ ಕ್ಷಯದಿಂದ ಆರೋಗ್ಯಧಾಮದಲ್ಲಿ ಇದ್ದಾಗ ಇಲಿಪಾಷಾಣಗಳ ಬಗ್ಗೆ ಓದುತ್ತಾ, ಇದೇ ಜಾತಿಯ ಇನ್ನೊಂದು ವಸ್ತುವಿನಿಂದ ಇಲಿಗಳನ್ನು ಕೊಲ್ಲಬಹುದು ಎಂದು ಯೋಚಿಸಿದರು. 1948ರಲ್ಲಿ ಅದು ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. ಹೆಸರು ವಾರ್ಫರಿನ್. ಕಾಮರ್ಸ್ ಗೆಳೆಯರು ಇಲ್ಲಿ ಗಮನಿಸಿ. ಹೆಸರಿನ ಮೊದಲ ಭಾಗ ‘ವಾರ್ಫ್’ ಎಂದರೆ ವಿಸ್ಕಾನ್ಸಿನ್ ಅಲುಮ್ನೈ ರಿಸರ್ಚ್ ಫೌಂಡೇಷನ್, 1925ರಲ್ಲಿ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ಕಟ್ಟಿದ ಸಂಸ್ಥೆ. ಪ್ರಾಧ್ಯಾಪಕರ ಪೇಟೆಂಟುಗಳನ್ನು ನೋಡಿಕೊಂಡು, ಬಂದ ಹಣವನ್ನು ಮತ್ತೆ ಸಂಶೋಧನೆಗೆ ಹಾಕುವುದು ಅದರ ಕೆಲಸ. ಹಳೆಯ ವಿದ್ಯಾರ್ಥಿಗಳ ಸಂಘ ಎಂದರೆ ವರ್ಷಕ್ಕೊಮ್ಮೆ ಬಿರಿಯಾನಿ ಊಟ ಎಂದುಕೊಂಡಿದ್ದ ನನಗೆ ಇದು ಹೊಸ ವಿಷಯ.

ಇಲಿಪಾಷಾಣವನ್ನು ಮನುಷ್ಯರಿಗೆ ಕೊಡಲು ಯಾರಿಗೆ ಧೈರ್ಯ ಬರುತ್ತದೆ? 1951ರಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ್ದ ಒಬ್ಬ ಯುವಕ ಅದನ್ನು ನುಂಗಿ ಆಸ್ಪತ್ರೆ ಸೇರಿದ. ವಿಟಮಿನ್ ಕೆ ಮತ್ತು ರಕ್ತ ಕೊಟ್ಟು ಅವನನ್ನು ಉಳಿಸಿದರು, ಪೂರ್ತಿ ಗುಣವಾದ. ಇದರ ಪರಿಣಾಮವನ್ನು ಹಿಂದಕ್ಕೆ ತಿರುಗಿಸಬಹುದು ಎಂಬುದು ವೈದ್ಯರಿಗೆ ಹೀಗೆ ಕಣ್ಣಾರೆ ಗೊತ್ತಾಯಿತು. 1954ರಲ್ಲಿ ಮನುಷ್ಯರ ಔಷಧಿಯಾಗಿ ಅನುಮತಿ ಸಿಕ್ಕಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಅವರಿಗೂ ವಾರ್ಫರಿನ್ ಕೊಟ್ಟರು. ಅಲ್ಲಿಗೆ ಜನರ ಹೆದರಿಕೆ ಕಡಿಮೆಯಾಯಿತು. ನಮ್ಮ ದೇಶದಲ್ಲಿ ವಾರ್ಫರಿನ್ ಜೊತೆಗೆ ಅದೇ ಕುಟುಂಬದ ಅಸೆನೊಕುಮರಾಲ್ ಕೂಡ ಬಹಳ ಬಳಕೆಯಲ್ಲಿದೆ. ಖಾಲಾ ತೆಗೆದುಕೊಳ್ಳುವುದು ಅದನ್ನೇ, ಅಸಿಟ್ರಾಂ ಎಂಬ ಹೆಸರಿನದು.

ಇದು ದೇಹದಲ್ಲಿ ಏನು ಮಾಡುತ್ತದೆ? ನಾನು ಅರ್ಥ ಮಾಡಿಕೊಂಡದ್ದು ಚೆಕ್ಕಿನ ಲೆಕ್ಕದಲ್ಲಿ. ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ನಮ್ಮ ಪಿತ್ತಜನಕಾಂಗ, ಅಂದರೆ ಲಿವರ್, ತಯಾರಿಸುತ್ತದೆ. ಅವುಗಳಲ್ಲಿ ನಾಲ್ಕು, ಅಂದರೆ 2, 7, 9 ಮತ್ತು 10ನೇ ನಂಬರಿನವು, ಸಹಿ ಇಲ್ಲದ ಚೆಕ್ಕುಗಳಂತೆ ಹೊರಬರುತ್ತವೆ. ಸಹಿ ಹಾಕಲು ಬೇಕಾದ ಶಾಯಿ ವಿಟಮಿನ್ ಕೆ. ಡೆನ್ಮಾರ್ಕಿನ ವಿಜ್ಞಾನಿ ಹೆನ್ರಿಕ್ ಡಾಮ್ ಕೋಳಿಮರಿಗಳಲ್ಲಿ ಇದನ್ನು ಕಂಡುಹಿಡಿದರು. ಹೆಪ್ಪುಗಟ್ಟುವುದಕ್ಕೆ ಅವರ ಭಾಷೆಯಲ್ಲಿರುವ ಪದ ‘ಕೆ’ ಅಕ್ಷರದಿಂದ ಶುರುವಾಗುವುದರಿಂದ ಆ ಹೆಸರು. ಒಮ್ಮೆ ಬಳಸಿದ ಶಾಯಿಯನ್ನು ದೇಹ ಬಿಸಾಡುವುದಿಲ್ಲ, ಮತ್ತೆ ತುಂಬಿ ಬಳಸುತ್ತದೆ. ವಾರ್ಫರಿನ್ ಈ ಮರುತುಂಬುವ ಕೆಲಸವನ್ನು ತಡೆಯುತ್ತದೆ. ಆಗ ಸಹಿ ಇಲ್ಲದ ಚೆಕ್ಕುಗಳು ಹೆಚ್ಚಾಗುತ್ತವೆ, ಬ್ಯಾಂಕಿನಲ್ಲಿ ಅವು ನಡೆಯುವುದಿಲ್ಲ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಮೊದಲೇ ಸಹಿಯಾಗಿ ರಕ್ತದಲ್ಲಿ ಓಡಾಡುತ್ತಿರುವ ಚೆಕ್ಕುಗಳು ಮುಗಿಯುವವರೆಗೆ ಮಾತ್ರೆಯ ಪೂರ್ತಿ ಪರಿಣಾಮ ಕಾಣುವುದಿಲ್ಲ. ಅದಕ್ಕೆ ನಾಲ್ಕೈದು ದಿನ ಬೇಕು. ಹಾಗೆಯೇ ಇವತ್ತು ಡೋಸ್ ಬದಲಾಯಿಸಿದರೆ ನಾಳೆಯೇ ವ್ಯತ್ಯಾಸ ಹುಡುಕಬಾರದು. ಎರಡನೆಯದು ಊಟದ ವಿಷಯ. ಪಾಲಕ್, ಮೆಂತ್ಯ, ಕೊತ್ತಂಬರಿ ಮುಂತಾದ ಹಸಿರು ಸೊಪ್ಪುಗಳಲ್ಲಿ ವಿಟಮಿನ್ ಕೆ ಹೆಚ್ಚು. ಇದನ್ನು ಕೇಳಿದ ಕೂಡಲೇ ಮನೆಗಳಲ್ಲಿ ಸೊಪ್ಪು ಪೂರ್ತಿ ಬಂದ್ ಮಾಡುತ್ತಾರೆ. ಅದು ತಪ್ಪು. ಸೊಪ್ಪು ತಿನ್ನಬಹುದು, ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಬೇಕು. ಈ ವಾರ ಒಂದು ಎಲೆಯೂ ಇಲ್ಲ, ಮುಂದಿನ ವಾರ ಮೂರು ಹೊತ್ತೂ ಪಾಲಕ್ ಗೋಷ್ಟ್ ಎಂದರೆ ಲೆಕ್ಕ ತಪ್ಪುತ್ತದೆ. ಡಾಕ್ಟರ್ ಡೋಸ್ ನಿಗದಿ ಮಾಡಿರುವುದು ನಿಮ್ಮ ಮಾಮೂಲಿ ಊಟಕ್ಕೆ.

ಲೆಕ್ಕ ನೋಡುವ ವಿಧಾನವೇ ಐ.ಎನ್.ಆರ್. ಎಂಬ ರಕ್ತ ಪರೀಕ್ಷೆ. ಒಂದೊಂದು ಲ್ಯಾಬಿನಲ್ಲಿ ಒಂದೊಂದು ರೀತಿಯ ಫಲಿತಾಂಶ ಬರುತ್ತಿದ್ದ ಕಾರಣ 1980ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಒಂದೇ ಅಳತೆಯಾಗಿ ಇದನ್ನು ತಂದಿತು. ಮಾತ್ರೆ ತೆಗೆದುಕೊಳ್ಳದವರಲ್ಲಿ ಇದು ಸುಮಾರು 1 ಇರುತ್ತದೆ. ಮಾತ್ರೆ ತೆಗೆದುಕೊಳ್ಳುವ ಹೆಚ್ಚಿನವರಲ್ಲಿ 2ರಿಂದ 3ರ ನಡುವೆ ಇರಬೇಕು. ಎಡಭಾಗದ ಮೈಟ್ರಲ್ ಕವಾಟ ಬದಲಾಯಿಸಿದವರಿಗೆ ಸಾಮಾನ್ಯವಾಗಿ 2.5ರಿಂದ 3.5. ಯಾರಿಗೆ ಎಷ್ಟು ಎಂಬುದನ್ನು ಅವರ ಡಾಕ್ಟರೇ ಹೇಳಬೇಕು. ಲ್ಯಾಬ್ ರಿಪೋರ್ಟಿನಲ್ಲಿ ಒಂದು ಗೊಂದಲವಿದೆ. ಅದರಲ್ಲಿ ‘ನಾರ್ಮಲ್’ ಎಂದು ಅಚ್ಚಾಗಿರುವುದು ಮಾತ್ರೆ ತೆಗೆದುಕೊಳ್ಳದವರ ಅಂಕಿ. ಖಾಲಾ ಅವರ 2.8 ಅದರ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ, ಏನೋ ಅನಾಹುತವಾದ ಹಾಗೆ ಕಾಣುತ್ತದೆ. ಅವರಿಗೆ ಅದು ಸರಿಯಾದ ಅಂಕಿ. ಅದೇ ರಿಪೋರ್ಟಿನಲ್ಲಿ 1.1 ಬಂದು ‘ನಾರ್ಮಲ್’ ಎಂದು ಬರೆದಿದ್ದರೆ ಅದೇ ಅಪಾಯ, ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದರ್ಥ. ರಿಪೋರ್ಟ್ ಓದಿ ಹೇಳುವ ಮಕ್ಕಳು ಇದನ್ನು ಮರೆಯಬಾರದು.

ಮೇಲಿನ ಗಡಿ ದಾಟಿದರೆ ರಕ್ತಸ್ರಾವದ ಭಯ, ಕೆಳಗಿನ ಗಡಿ ದಾಟಿದರೆ ಹೆಪ್ಪಿನ ಭಯ. ನಡುವೆ ಇರುವ ದಾರಿ ಕಿರಿದು. ಮಾತ್ರೆ ಅಗ್ಗ, ಆ ದಾರಿಯಲ್ಲಿ ಉಳಿಯುವುದು ದುಬಾರಿ. ಖಾಲಾ ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಪರೀಕ್ಷೆ ಇರುವ ದಿನ ಲ್ಯಾಬ್ ಫೀಸು, ಬಸ್ ಚಾರ್ಜು, ಆ ದಿನದ ಹೊಲಿಗೆಯ ನಷ್ಟ, ಜೊತೆಗೆ ಹೋಗುವವರ ನಷ್ಟ ಎಲ್ಲ ಸೇರಿಸಿ ನಾನು ಒಮ್ಮೆ ಪಟ್ಟಿ ಮಾಡಿದೆ. ತಿಂಗಳ ಮಾತ್ರೆಗಳ ಬೆಲೆ ಆ ಪಟ್ಟಿಯಲ್ಲಿ ಅತಿ ಚಿಕ್ಕ ಅಂಕಿಯಾಗಿತ್ತು. ‘ಈ ತಿಂಗಳು ಬಿಡು, ಚೆನ್ನಾಗೇ ಇದ್ದೀನಲ್ಲ’ ಎಂದು ಅವರು ಹೇಳುವುದು ಅಜ್ಞಾನದಿಂದಲ್ಲ, ಲೆಕ್ಕ ಗೊತ್ತಿರುವುದರಿಂದ. ಆದರೆ ಐ.ಎನ್.ಆರ್. ಇಳಿದಿರುವುದು ಮೈಗೆ ಗೊತ್ತಾಗುವುದೇ ಇಲ್ಲ. ನೋವಿಲ್ಲ, ಜ್ವರವಿಲ್ಲ.

ಲೆಕ್ಕ ಕೆಡಿಸುವ ಇನ್ನೊಂದು ಜಾಗ ಮೆಡಿಕಲ್ ಶಾಪ್. ಮೊಣಕಾಲು ನೋವು ಎಂದು ಹೇಳಿ ಚೀಟಿ ಇಲ್ಲದೆ ಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಎರಡು ಕಡೆಯಿಂದ ಹೊಡೆಯುತ್ತವೆ: ಹೊಟ್ಟೆಯ ಒಳಪದರದಲ್ಲಿ ಹುಣ್ಣು ಮಾಡುತ್ತವೆ, ಪ್ಲೇಟ್‌ಲೆಟ್‌ಗಳನ್ನೂ ಮಂದ ಮಾಡುತ್ತವೆ. ಮೊದಲೇ ಹೆಪ್ಪುಗಟ್ಟುವುದು ತಡವಾಗಿರುವ ರಕ್ತ ಆ ಹುಣ್ಣಿನಿಂದ ಸೋರತೊಡಗುತ್ತದೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಮಾತ್ರೆ ಐ.ಎನ್.ಆರ್. ಅನ್ನು ಮೇಲಕ್ಕೆ ಒಯ್ಯುತ್ತದೆ, ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಕೆಳಕ್ಕೆ ಎಳೆಯುತ್ತದೆ. ನಮ್ಮ ಬೀದಿಯ ಒಬ್ಬ ಹಿರಿಯರು ಇದೇ ಮಾತ್ರೆಯ ಜೊತೆ ವಾರಗಟ್ಟಲೆ ನೋವಿನ ಮಾತ್ರೆ ತಿಂದಿದ್ದರು. ಮಲ ಕಪ್ಪಗೆ ಹೋಗುತ್ತಿದೆ ಎಂದು ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ತಲೆಸುತ್ತಿ ಬಿದ್ದ ಮೇಲೆ ಆಸ್ಪತ್ರೆಗೆ ಒಯ್ದು ನಾಲ್ಕು ಬಾಟಲಿ ರಕ್ತ ಕೊಡಿಸಬೇಕಾಯಿತು. ಟಾರಿನ ಹಾಗೆ ಕಪ್ಪಾದ ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ರಕ್ತ, ಹಲ್ಲುಜ್ಜುವಾಗ ದಿನವೂ ಒಸಡಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ, ಹೆಂಗಸರಲ್ಲಿ ಮುಟ್ಟಿನ ರಕ್ತ ಬಹಳ ಹೆಚ್ಚಾಗುವುದು, ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ಡಾಕ್ಟರಿಗೆ ಹೇಳಬೇಕು. ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯ ಕಾಣದಿದ್ದರೂ ಕಾಯಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ಹಿಜಾಮಾ ಮಾಡಿಸುವವರೂ ನಮ್ಮಲ್ಲಿ ಬಹಳ ಜನ ಇದ್ದಾರೆ. ಅದರಲ್ಲಿ ಚರ್ಮವನ್ನು ಗೀರಿ ರಕ್ತ ತೆಗೆಯುತ್ತಾರೆ. ಈ ಔಷಧಿ ತೆಗೆದುಕೊಳ್ಳುವವರು ತಮ್ಮ ಹೃದಯದ ಡಾಕ್ಟರನ್ನು ಕೇಳದೆ ಅದಕ್ಕೆ ಕೂರಬಾರದು. ಹಲ್ಲು ಕೀಳಿಸುವ ಮುಂಚೆಯೂ ಅಷ್ಟೇ. ಹಲ್ಲಿಗಾಗಿ ತಾವೇ ಒಂದು ವಾರ ಮಾತ್ರೆ ಬಿಟ್ಟು ಕವಾಟಕ್ಕೆ ಅಪಾಯ ತಂದುಕೊಳ್ಳುವುದೂ ಬೇಡ. ಎರಡೂ ಡಾಕ್ಟರುಗಳು ಮಾತಾಡಿಕೊಳ್ಳಲಿ.

ಮಾತ್ರೆ ಕೆಲಸ ಶುರು ಮಾಡಲು ದಿನಗಳು ಬೇಕು ಎಂದೆನಲ್ಲ, ಅಲ್ಲಿಯವರೆಗೆ ಏನು? ಅದಕ್ಕೆ ಹೆಪಾರಿನ್ ಎಂಬ ಇಂಜೆಕ್ಷನ್ ಇದೆ. ರಕ್ತನಾಳಕ್ಕೆ ಕೊಟ್ಟ ತಕ್ಷಣ ಕೆಲಸ ಮಾಡುತ್ತದೆ. ಇದರ ಕಥೆಯಲ್ಲೂ ಒಬ್ಬ ವಿದ್ಯಾರ್ಥಿ ಇದ್ದಾನೆ. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಜೇ ಮೆಕ್ಲೀನ್ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತು ಹುಡುಕುತ್ತಿದ್ದ, ಸಿಕ್ಕಿದ್ದು ಹೆಪ್ಪು ತಡೆಯುವ ವಸ್ತು. ಅವನ ಗುರು ವಿಲಿಯಂ ಹೋವೆಲ್ ಆ ಕೆಲಸವನ್ನು ಮುಂದುವರಿಸಿ, ಲಿವರ್‌ಗೆ ಗ್ರೀಕಿನಲ್ಲಿರುವ ಪದದಿಂದ ಹೆಪಾರಿನ್ ಎಂದು ಹೆಸರಿಟ್ಟರು.

ನಮ್ಮ ಓದುಗರಲ್ಲಿ ಕೆಲವರಿಗೆ ಒಂದು ಪ್ರಶ್ನೆ ಇರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಇಂದು ಜಗತ್ತಿನಲ್ಲಿ ಬಳಸುವ ಹೆಪಾರಿನ್‌ನ ಬಹುಪಾಲು ಹಂದಿಯ ಕರುಳಿನ ಒಳಪದರದಿಂದ ತಯಾರಾಗುತ್ತದೆ. ಇದು ಹರಾಮ್ ಅಲ್ಲವೇ ಎಂದು ಆಸ್ಪತ್ರೆಯಲ್ಲಿ ಸಂಕಟಪಡುವವರಿದ್ದಾರೆ. ಬೇರೆ ದಾರಿಯಿಲ್ಲದೆ ಅನಿವಾರ್ಯವಾದವರಿಗೆ ನಿಷಿದ್ಧ ಆಹಾರದ ವಿಷಯದಲ್ಲಿ ಪಾಪವಿಲ್ಲ ಎಂಬ ವಿನಾಯಿತಿ ಸೂರಾ ಅಲ್ ಬಕರಾದ 173ನೇ ಆಯತ್‌ನಲ್ಲೇ ಇದೆ. ಜೀವ ಉಳಿಸುವ ಔಷಧಿಯ ಪ್ರಶ್ನೆ ಬಂದಾಗ ಆಲಿಮರು ಈ ‘ಜರೂರತ್’ ನಿಯಮವನ್ನು ನೆನಪಿಸುತ್ತಾರೆ. ಪೂರ್ತಿ ಪ್ರಯೋಗಾಲಯದಲ್ಲೇ ತಯಾರಾಗುವ ಫೊಂಡಾಪರಿನಕ್ಸ್ ಎಂಬ ಇಂಜೆಕ್ಷನ್ ಕೂಡ ಇದೆ, ಎಲ್ಲ ರೋಗಿಗಳಿಗೂ ಅದು ಹೊಂದುವುದಿಲ್ಲ. ಮನಸ್ಸಿನಲ್ಲಿ ಸಂಶಯವಿದ್ದರೆ ಡಾಕ್ಟರನ್ನು ನೇರವಾಗಿ ಕೇಳಿ, ಆಲಿಮರನ್ನೂ ಕೇಳಿ. ಯಾರನ್ನೂ ಕೇಳದೆ ಸುಮ್ಮನೆ ಇಂಜೆಕ್ಷನ್ ಬೇಡ ಎನ್ನುವುದು ಮಾತ್ರ ಸರಿಯಲ್ಲ. ಖಾಲಾ, ಅಮ್ಮಿ ಅವರು ವರ್ಷಗಟ್ಟಲೆ ತೆಗೆದುಕೊಳ್ಳುವ ವಾರ್ಫರಿನ್, ಅಸೆನೊಕುಮರಾಲ್ ರಾಸಾಯನಿಕವಾಗಿ ತಯಾರಾದವು, ಪ್ರಾಣಿಯಿಂದ ತೆಗೆದವಲ್ಲ.

ಹೆಪಾರಿನ್ ಗರ್ಭಿಣಿಯರ ವಿಷಯದಲ್ಲೂ ಮುಖ್ಯ. ವಾರ್ಫರಿನ್ ಕುಟುಂಬದ ಮಾತ್ರೆಗಳು ತಾಯಿಯಿಂದ ಮಗುವಿಗೆ ದಾಟುತ್ತವೆ, ಮೊದಲ ಮೂರು ತಿಂಗಳಲ್ಲಿ ಮಗುವಿನ ಬೆಳವಣಿಗೆಗೆ ತೊಂದರೆ ಮಾಡಬಹುದು. ಹೆಪಾರಿನ್ ದಾಟುವುದಿಲ್ಲ. ಕವಾಟ ಬದಲಾಯಿಸಿದ ಹೆಣ್ಣುಮಕ್ಕಳಲ್ಲಿ ಮದುವೆಯ ವಯಸ್ಸಿನವರು ಅನೇಕರು. ಮದುವೆಯ ಮಾತುಕತೆಯಲ್ಲಿ ಈ ವಿಷಯವನ್ನು ಮುಚ್ಚಿಡುವುದೂ ಉಂಟು. ಆಮೇಲೆ ಅತ್ತೆಮನೆಯಲ್ಲಿ ಆ ಹುಡುಗಿ ಮಾತ್ರೆಯನ್ನು ಕದ್ದು ನುಂಗಬೇಕು, ಪರೀಕ್ಷೆಗೆ ಹೋಗಲು ನೆಪ ಹುಡುಕಬೇಕು. ಗರ್ಭ ನಿಲ್ಲುವ ಮುಂಚೆಯೇ ಡಾಕ್ಟರನ್ನು ಕಂಡು ಯಾವಾಗ ಯಾವ ಔಷಧಿ ಎಂದು ನಿರ್ಧರಿಸಬೇಕಾದ ಕಾಯಿಲೆ ಇದು. ಕದ್ದು ನಿಭಾಯಿಸಲು ಆಗುವುದಿಲ್ಲ. ಇದನ್ನು ಬರೆಯಲು ನನಗೆ ಸ್ವಲ್ಪ ಸಂಕೋಚವಾಯಿತು, ಆದರೆ ಅಮ್ಮಿಯೇ ಬರೆಯಲು ಹೇಳಿದರು.

ಈಗ ಹೊಸ ಮಾತ್ರೆಗಳು ಬಂದಿವೆ: ಡಬಿಗಾಟ್ರಾನ್, ರಿವರೊಕ್ಸಬಾನ್, ಅಪಿಕ್ಸಬಾನ್. ಇವು ಶಾಯಿಯ ತಂಟೆಗೆ ಹೋಗುವುದಿಲ್ಲ, ಹೆಪ್ಪಿನ ಸರಪಳಿಯ ಒಂದೇ ಕೊಂಡಿಯನ್ನು ನೇರವಾಗಿ ಹಿಡಿಯುತ್ತವೆ. ಕೆಲವೇ ಗಂಟೆಗಳಲ್ಲಿ ಕೆಲಸ ಮಾಡುತ್ತವೆ. ಸೊಪ್ಪಿನ ಲೆಕ್ಕವಿಲ್ಲ, ತಿಂಗಳ ಐ.ಎನ್.ಆರ್. ಇಲ್ಲ. ಪೇಟೆಂಟ್ ಮುಗಿದ ಮೇಲೆ ಭಾರತದ ಹಲವು ಕಂಪನಿಗಳು ತಯಾರಿಸುತ್ತಿರುವುದರಿಂದ ಬೆಲೆಯೂ ಇಳಿದಿದೆ. ಕಾಲಿನ ಹೆಪ್ಪಿಗೆ, ವಯಸ್ಸಾದವರ ಹೃದಯದ ತಾಳ ತಪ್ಪಿದ ಬಡಿತಕ್ಕೆ ಇವು ಒಳ್ಳೆಯ ಔಷಧಿಗಳು.

ಇದನ್ನು ಓದಿದಾಗ ನಾನೂ ಖಾಲಾ ಅವರಿಗೆ ಇವನ್ನೇ ಏಕೆ ಕೊಡಬಾರದು ಎಂದು ಡಾಕ್ಟರನ್ನು ಕೇಳಿದೆ. ಕೊಡುವಂತಿಲ್ಲ ಎಂದರು. ಲೋಹದ ಕವಾಟ ಇರುವವರಿಗೆ ಡಬಿಗಾಟ್ರಾನ್ ಕೊಟ್ಟು ನೋಡಿದ ಒಂದು ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ವಾರ್ಫರಿನ್‌ಗಿಂತ ಹೆಪ್ಪೂ ಹೆಚ್ಚು, ರಕ್ತಸ್ರಾವವೂ ಹೆಚ್ಚು ಆಗಿತ್ತು. 2013ರಲ್ಲಿ ಅದರ ವರದಿ ಬಂತು. ರುಮ್ಯಾಟಿಕ್ ಜ್ವರದಿಂದ ಕವಾಟ ಹಾಳಾಗಿ ಬಡಿತ ತಪ್ಪಿದವರ ಮೇಲೆ ಭಾರತವೂ ಸೇರಿ 24 ದೇಶಗಳಲ್ಲಿ ಸುಮಾರು 4,500 ಜನರ ಅಧ್ಯಯನ ನಡೆಯಿತು. 2022ರಲ್ಲಿ ಫಲಿತಾಂಶ ಬಂದಾಗ ಹೊಸ ರಿವರೊಕ್ಸಬಾನ್‌ಗಿಂತ ಹಳೆಯ ಮಾತ್ರೆ ತೆಗೆದುಕೊಂಡವರಲ್ಲೇ ಸಾವು ಕಡಿಮೆ ಇತ್ತು. ಅಂದರೆ ಬಡವರ ಕಾಯಿಲೆಗೆ ಇನ್ನೂ ಆ ಮೇವಿನ ಸೊಪ್ಪಿನ ಮಾತ್ರೆಯೇ ಗತಿ. ಹಳೆಯದೆಲ್ಲ ಕೀಳು, ದುಬಾರಿಯಾದದ್ದೆಲ್ಲ ಉತ್ತಮ ಎಂದು ತಿಳಿದು ಯಾರೂ ತಾವಾಗಿ ಮಾತ್ರೆ ಬದಲಾಯಿಸಬಾರದು. ಹೊಸ ಮಾತ್ರೆಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅವು ಬೇಗ ಕೆಲಸ ಮಾಡಿದಂತೆ ಬೇಗ ಮುಗಿದೂ ಹೋಗುತ್ತವೆ. ಒಂದು ದಿನ ಬಿಟ್ಟರೆ ರಕ್ಷಣೆಯೇ ಇರುವುದಿಲ್ಲ. ಕಿಡ್ನಿ ದುರ್ಬಲವಾಗಿದ್ದರೆ ಡೋಸ್ ಬೇರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಕೂಡ ‘ರಕ್ತ ತೆಳು’ ಎಂದೇ ಮಾರಾಟವಾಗುತ್ತವೆ, ಆದರೆ ಅವು ಪ್ಲೇಟ್‌ಲೆಟ್‌ಗಳ ಮೇಲೆ ಕೆಲಸ ಮಾಡುವ ಬೇರೆಯೇ ಜಾತಿ. ಒಂದರ ಬದಲು ಇನ್ನೊಂದು ನಡೆಯುವುದಿಲ್ಲ.

ರಮಜಾನ್ ಹತ್ತಿರ ಬಂದಾಗ ಪ್ರತಿ ವರ್ಷ ಕೇಳಿಬರುವ ಪ್ರಶ್ನೆ, ಉಪವಾಸ ಇರಬಹುದೇ? ದಿನಕ್ಕೆ ಒಂದೇ ಬಾರಿ ತೆಗೆದುಕೊಳ್ಳುವ ಮಾತ್ರೆಯನ್ನು ಇಫ್ತಾರ್ ನಂತರ ತೆಗೆದುಕೊಳ್ಳುವುದು ಕಷ್ಟವಲ್ಲ. ಅಪಿಕ್ಸಬಾನ್, ಡಬಿಗಾಟ್ರಾನ್ ಹನ್ನೆರಡು ಗಂಟೆಗೊಮ್ಮೆ ತೆಗೆದುಕೊಳ್ಳುವಂಥವು. ಇಫ್ತಾರಿನಿಂದ ಸಹ್ರಿಗೆ ಅಷ್ಟು ಅಂತರವಿರುವುದಿಲ್ಲ. ರಿವರೊಕ್ಸಬಾನ್‌ನ ದೊಡ್ಡ ಡೋಸನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ, ಊಟದ ಜೊತೆ ಬೇಕು. ಊಟದ ಹೊತ್ತು, ಪ್ರಮಾಣ ಎಲ್ಲ ಬದಲಾಗುವುದರಿಂದ ವಾರ್ಫರಿನ್‌ನವರಿಗೂ ಲೆಕ್ಕ ಏರುಪೇರಾಗಬಹುದು. ಚಂದ್ರ ಕಂಡ ಮೇಲೆ ಓಡುವ ಬದಲು ಶಾಬಾನ್ ತಿಂಗಳಲ್ಲೇ ಡಾಕ್ಟರನ್ನು ಕೇಳಿಬಿಟ್ಟರೆ ಸಮಯ ಸಿಗುತ್ತದೆ. ಡಾಕ್ಟರ್ ಬೇಡ ಎಂದರೆ ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ.

ಒಂದು ದಿನ ಮಾತ್ರೆ ಮರೆತರೆ ಏನು ಮಾಡಬೇಕು ಎಂದು ಮನೆಯ ಎಲ್ಲರಿಗೂ ಗೊತ್ತಿರಬೇಕು. ವಾರ್ಫರಿನ್ ಜಾತಿಯದನ್ನು ಅದೇ ದಿನ ನೆನಪಾದರೆ ತೆಗೆದುಕೊಳ್ಳಬಹುದು, ಮರುದಿನ ನೆನಪಾದರೆ ಎರಡು ಸೇರಿಸಿ ನುಂಗಬಾರದು. ಮರೆತದ್ದನ್ನು ಬರೆದಿಟ್ಟು ಮುಂದಿನ ಪರೀಕ್ಷೆಯ ದಿನ ಹೇಳಬೇಕು. ನಮ್ಮಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರೆ ನುಂಗಿದ ದಿನಕ್ಕೆ ಗೀಟು ಹಾಕುತ್ತೇವೆ, ಐ.ಎನ್.ಆರ್. ಅಂಕಿಯನ್ನು ಆ ತಾರೀಖಿನ ಕೆಳಗೇ ಬರೆಯುತ್ತೇವೆ. ಡಾಕ್ಟರ್ ಫೈಲಿಗಿಂತ ಮೊದಲು ಆ ಹಾಳೆಯನ್ನೇ ಕೇಳುತ್ತಾರೆ. ಇದಲ್ಲದೆ ಖಾಲಾ ಅವರ ಪರ್ಸಿನಲ್ಲಿ ಒಂದು ಚೀಟಿ ಇದೆ: ಹೆಸರು, ಕವಾಟ ಬದಲಾಗಿದೆ ಎಂಬ ವಿಷಯ, ಮಾತ್ರೆಯ ಹೆಸರು ಮತ್ತು ಡೋಸ್, ರಕ್ತದ ಗುಂಪು, ಮನೆಯ ಫೋನ್ ನಂಬರ್. ಮೊದಲು ಉರ್ದುವಿನಲ್ಲಿ ಬರೆದಿದ್ದೆವು. ಈಗ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರೆದಿದ್ದೇವೆ, ಏಕೆಂದರೆ 108 ಆಂಬುಲೆನ್ಸಿನಲ್ಲಿ ಬರುವವರಿಗೆ ಉರ್ದು ಓದಲು ಬರಬೇಕೆಂದೇನಿಲ್ಲ.